ಅಗ್ಗದ ಕಂಪೈಲರಿನ ಅ ಆ ಇ ಈ

ಅಂಬೇವಾಡಿ, ದಾಂಡೇಲಿ
೧೮ ಆಗಸ್ಟ್ ೧೯೯೫

ಪ್ರೀತಿಯ ರೀನಾಗೆ ಸಲ್ಮಾಳ ಸಲಾಮು.

ಉತ್ತರ ತಡವಾಯಿತು, ಬೈಯಬೇಡ. ಬರೆದು ಬರೆದು ಹರಿದು ಹಾಕಿದೆ. ಜೋಯಿಡಾದ ಶಾಲೆಯಲ್ಲಿ ನಿನ್ನ ಹೊಸ ನೌಕರಿ ಹೇಗಿದೆ ಎಂದು ಅಮ್ಮಿ ದಿನಾ ಕೇಳುತ್ತಾಳೆ.

ಇಲ್ಲಿ ನಡೆದದ್ದು ಕೇಳು. ಹೋದ ಭಾನುವಾರ ನಮ್ಮ ಕಂಪ್ಯೂಟರ್ ಕ್ಲಾಸಿನ ಹರೀಶ ಸರ್ ಹಳಿಯಾಳದಲ್ಲಿ ಸಮಾರಂಭ ಇಟ್ಟಿದ್ದರು. ತೋರಿಸಿದ್ದೇನು ಗೊತ್ತೇ? ಮಕ್ಕಳಿಗೆ ಅಕ್ಷರ ಕಲಿಸಲು ನಾನು ಬರೆದ ಪ್ರೋಗ್ರಾಮು! ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಇಟ್ಟು ತಿದ್ದಿದ ಅಕ್ಷರಗಳು. 'ಳ' ಸರಿಹೋಗಲೆಂದು ಊಟ ಬಿಟ್ಟು ಕೂತದ್ದು ನಿನಗೇ ಗೊತ್ತು. ಮೊದಲ ಪರದೆಯಲ್ಲಿ 'ರಚನೆ: ಸಲ್ಮಾ' ಎಂದಿತ್ತಲ್ಲ, ಅಲ್ಲೀಗ 'ರಚನೆ: ಹರೀಶ'. ಹಾರ ಹಾಕಿಸಿಕೊಂಡು ಹಲ್ಲು ಕಿರಿಯುತ್ತಿತ್ತು ಆ ಮುಖ. ಇನ್ನು ಅವನನ್ನು ಸರ್ ಎನ್ನಲಾರೆ.

ನಾವಿಬ್ಬರೂ ಅಂಚೆಯಲ್ಲಿ ತರಿಸಿದ ಪಾಸ್ಕಲ್ ಭಾಷೆಯ ಕಂಪೈಲರ್ ನೋಡಿ ಇವನೇ ಅಲ್ಲವೇ ನಕ್ಕದ್ದು? "ಇಷ್ಟ ಅಗ್ಗದ ಮಾಲ್ ತಗೊಂಡು ಏನ್ ಮಾಡ್ತೀರಿ? ಹುಡುಗ್ರ ಆಟದ ಸಾಮಾನ ಇದ್ದಂಗ ಐತಿ," ಅಂದಿದ್ದ. ಒಂದೇ ಫ್ಲಾಪಿಯಲ್ಲಿ ಹಿಡಿಯುವ ಆ ಆಟದ ಸಾಮಾನೇ ನಾನು ಬರೆದದ್ದನ್ನೆಲ್ಲ ಮಶೀನಿನ ಭಾಷೆಗೆ ಇಳಿಸಿಕೊಟ್ಟಿತು. ಈಗ ವೇದಿಕೆ ಮೇಲೆ "ಭಾಳ ಕಿಮ್ಮತ್ತಿನ ಕಂಪೈಲರ್‌ದಾಗ ಮಾಡೇನಿ" ಎಂಬ ಬಡಾಯಿ! ಥೂ.

ನಾನು ಸುಮ್ಮನಿರಲಿಲ್ಲ. ಜನ ಚದುರಿದ ಮೇಲೆ ಹೋಗಿ, "ಇದು ನಾ ಬರದದ್ದರಿ. ನನ್ನ ಹೆಸರ ಯಾಕ ತಗದ್ರಿ?" ಎಂದು ಕೇಳಿದೆ.

ಗುಟ್ಕಾ ಉಗುಳಿ ಬಾಯಿ ಒರೆಸಿಕೊಂಡ. "ಮಶೀನ್ ನಂದಲ್ಲೇನು? ಅದರ ಮ್ಯಾಲ ಸಿದ್ದಿ ಜಾತಿ ಹುಡುಗಿ ಮಾಡ್ಯಾಳಂದ್ರ ಯಾವ ಸಾಲ್ಯಾಗ ತಗೋತಾರ, ನೀನ ಹೇಳು."

ಮೈಯೆಲ್ಲ ಹೇಸಿಗೆ ಮೆತ್ತಿದ ಹಾಗಾಯಿತು. ಮನೆಗೆ ಬಂದು ಸ್ನಾನ ಮಾಡಿದರೂ ಹೋಗಲಿಲ್ಲ. ಆ ಕ್ಲಾಸಿನ ಮೆಟ್ಟಿಲನ್ನು ಇನ್ನು ಹತ್ತುವುದಿಲ್ಲ.

ಮಳೆಯಲ್ಲಿ ನೆನೆಯಬೇಡ, ನಿನಗೆ ಬೇಗ ಕೆಮ್ಮು ಹಿಡಿಯುತ್ತದೆ. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ
ಸಲ್ಮಾ

ತಾ.ಕ.: ಕಂಪೈಲರ್ ಒಮ್ಮೆ ಪ್ರೋಗ್ರಾಮನ್ನು ಮಶೀನಿನ ಭಾಷೆಗೆ ಇಳಿಸಿಕೊಟ್ಟ ಮೇಲೆ ಅದರೊಳಗಿನ ಹೆಸರು ಬದಲಿಸುವುದು ಹರೀಶನಿಗೆ ಬಾರದು. ಅದಕ್ಕೆ ನಾನು ಬರೆದ ಮೂಲ ಸಾಲುಗಳೇ ಬೇಕು. ಅವು ಇದ್ದದ್ದು ಎರಡೇ ಫ್ಲಾಪಿಗಳಲ್ಲಿ. ಒಂದು ನನ್ನ ಟ್ರಂಕಿನಲ್ಲಿ ಇದ್ದಲ್ಲೇ ಇದೆ. ಇನ್ನೊಂದನ್ನು ಜೋಪಾನ ಮಾಡೆಂದು ನಿನ್ನ ಕೈಗೆ ಕೊಟ್ಟಿದ್ದೆ. ನಿನ್ನ ನೌಕರಿಗೆ ಶಿಫಾರಸು ಮಾಡಿದವನು ಅವನೇ ಎಂದು ನಿನ್ನೆ ತಿಳಿಯಿತು. ಒಂದು ಮಾತು ಕೇಳಿದ್ದರೆ ನಾನೇ ಕೊಡುತ್ತಿದ್ದೆನಲ್ಲೇ ರೀನಾ, ಹೆಸರನ್ನೂ ನನ್ನ ಕೈಯಿಂದಲೇ ಅಳಿಸಿ.