ಮೂವತ್ತೊಂದು ಕೆಕೆಆರ್‌ಎಚ್

ಮಾರ್ಚ್ 3, ಸೋಮವಾರ

ಇವತ್ತು ಆಫೀಸಲ್ಲಿ ನೋಡಿದ್ದು ನಾನ್ನೂರ ಹನ್ನೆರಡು ಮೆಸೇಜ್. ಹುಡುಗ ಹುಡುಗಿಯರ ಹಿಂದಿ ಚಾಟ್, ಅಕ್ಷರ ಇಂಗ್ಲಿಷ್, ಅದೂ ಅರ್ಧಂಬರ್ಧ. ಪರವಾಗಿಲ್ಲ ಅನ್ನಿಸಿದ್ದಕ್ಕೆ ಹಸಿರು ಒತ್ತಬೇಕು, ಕಿರುಕುಳಕ್ಕೆ ಕೆಂಪು. ಒಂದೇ ಮೆಸೇಜನ್ನು ಮೂವರು ನೋಡುತ್ತೇವೆ. ಇಬ್ಬರು ಒತ್ತಿದ್ದೇ ಸರಿ, ಮೂರನೆಯವರಿಗೆ ಮಾರ್ಕ್ಸ್ ಕಟ್.

ನಲವತ್ತೊಂಬತ್ತರ ವಯಸ್ಸಲ್ಲಿ ಈ ಕೆಲಸ ಸಿಕ್ಕಿದ್ದೇ ಮಗಳಿಂದ. ಎರಡು ವಾರ ಕೂರಿಸಿಕೊಂಡು ಕಲಿಸಿದಳು. "ಕೆಕೆಆರ್‌ಎಚ್ ಅಂದ್ರೆ ಕ್ಯಾ ಕರ್ ರಹೀ ಹೈ. ಏನ್ ಮಾಡ್ತಿದೀಯ ಅಂತ. ಇಷ್ಟೂ ಗೊತ್ತಿಲ್ವಾ ಅಮ್ಮ?" ಗೊತ್ತಿರಲಿಲ್ಲ. ಈಗ ಪಕ್ಕದ ಸೀಟಿನ ಹುಡುಗಿಗೂ ನಾನೇ ಹೇಳಿಕೊಡುತ್ತೇನೆ. ಅವಳಿಗೆ ನಾನಿಟ್ಟ ಹೆಸರು ಹೆಡ್‌ಫೋನ್. ನನ್ನ ಸ್ಕೋರ್ 96.

ಮಾರ್ಚ್ 5

ಮಧ್ಯಾಹ್ನ ಒಂದೇ ನಂಬರಿನಿಂದ ಸಾಲುಸಾಲು. ಕೆಕೆಆರ್‌ಎಚ್, 3.02. ಕೆಕೆಆರ್‌ಎಚ್, 3.04. ಓದ್ತಿದೀನಿ, ಆಮೇಲೆ ಅಂತ ಹುಡುಗಿ ಬರೆದಿದ್ದಾಳೆ. ಕೆಕೆಆರ್‌ಎಚ್, 3.05... ಕೊನೆಗೆ ಅವಳು ಬರೀ 'ಪ್ಲೀಸ್' ಅಂದಿದ್ದಾಳೆ. 4.11ಕ್ಕೆ ಮತ್ತೆ ಅದೇ. ಒಟ್ಟು ಮೂವತ್ತೊಂದು.

ಕಂಪನಿಯ ಪಟ್ಟಿಯಲ್ಲಿ ಕೆಕೆಆರ್‌ಎಚ್ ಹಸಿರು. ಮೂವತ್ತೊಂದಕ್ಕೂ ಕೆಂಪು ಒತ್ತಿದೆ. ಉಳಿದಿಬ್ಬರದು ಹಸಿರು. ಸಂಜೆಗೆ 88.

ಟೀಮ್ ಲೀಡರ್ ಬಂದರು. "ಮೇಡಂ, ಬೈಗುಳ ಎಲ್ಲಿದೆ ಅದ್ರಲ್ಲಿ?"

"ಪದ ಬಿಡಿ ಸರ್, ಟೈಮ್ ನೋಡಿ."

"ನಾವು ನೋಡೋದು ಒಂದೊಂದೇ ಮೆಸೇಜ್. 85ರ ಕೆಳಗೆ ಹೋದ್ರೆ ನನ್ ಕೈಲಿ ಏನಿಲ್ಲ."

ಹೋದರೆ ಹೋಗಲಿ.

ಮಾರ್ಚ್ 6

ಅದೇ ನಂಬರ್. ಕೆಂಪು, ಕೆಂಪು, ಕೆಂಪು. 83.

ಮನೆಗೆ ಬಂದು ಮಗಳಿಗೆ ಹೇಳಿದೆ. "ಅದೇನ್ ದೊಡ್ಡ ವಿಷ್ಯ ಬಿಡಮ್ಮ. ಎಲ್ರಿಗೂ ಬರುತ್ತೆ." ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ನಿಂಗೂ ಬರುತ್ತಾ?" ಅಂದೆ. ಸ್ನಾನಕ್ಕೆ ಹೊರಟುಹೋದಳು.

ಮಾರ್ಚ್ 7, ಶುಕ್ರವಾರ, ಸಂಜೆ 6

ಶುಕ್ರವಾರ ತಪ್ಪು ಓದುವ ದಿನ. ವಾರದ ತಪ್ಪುಗಳನ್ನು ದೊಡ್ಡ ಪರದೆಗೆ ಹಾಕುತ್ತಾರೆ. ಮಾಡಿದವರೇ ಎದ್ದು ನಿಂತು ಎಲ್ಲರೆದುರು ಓದಬೇಕು. ಎಲ್ಲರೂ ಒಂದೆರಡು ಓದಿ, ಸಾರಿ ಅಂದು, ಕೂತುಬಿಡುತ್ತಾರೆ. ಮಾನ ಹೋದರೆ ಸಾಕಲ್ಲ, ಪೂರ್ತಿ ಓದುವುದೇಕೆ?

ನಾನು ಬುಧವಾರದ ಮೂವತ್ತೊಂದನ್ನೂ ಪೂರ್ತಿ ಓದಿದೆ. ಮೂರು ಗಂಟೆ ಎರಡು ನಿಮಿಷ, ಕೆಕೆಆರ್‌ಎಚ್. ಮೂರು ಗಂಟೆ ನಾಲ್ಕು ನಿಮಿಷ, ಕೆಕೆಆರ್‌ಎಚ್. ಮೊದಲು ಎಲ್ಲರೂ ಕಿಸಕ್ಕೆಂದರು. ಹತ್ತಾದ ಮೇಲೆ ಯಾರೂ ನಗಲಿಲ್ಲ. ಹತ್ತೊಂಬತ್ತಕ್ಕೆ ಹೆಡ್‌ಫೋನ್ ಕಿವಿಯಿಂದ ಅದನ್ನು ತೆಗೆದು, "ಸಾಕು ಆಂಟಿ" ಅಂದಳು.

"ಇನ್ನೂ ಹನ್ನೆರಡಿದೆ, ತಾಳು" ಅಂದೆ.

ಓದಿ ಮುಗಿಸಿದೆ. ಸಾರಿ ಅನ್ನಲಿಲ್ಲ.

ಆಮೇಲೆ ಟೀಮ್ ಲೀಡರ್ ಹೊರಗೆ ಕರೆದು, ಮೆಲ್ಲಗೆ, "ಎಲ್ಲಾ ಹಸಿರು ಮಾಡಿಬಿಡಿ ಮೇಡಂ. ಸ್ಕೋರ್ ನಾನ್ ಸರಿಮಾಡ್ತೀನಿ. ಇಲ್ಲಾಂದ್ರೆ ಸೋಮವಾರ ಬರೋದ್ ಬೇಡ."

ಬ್ಯಾಗ್ ತಗೊಂಡು ಬಂದೆ.

ಮಾರ್ಚ್ 11

ಮೂರು ದಿನ ಬರೆಯಲಿಲ್ಲ. ಕೆಲಸ ಹೋಗಿದ್ದಕ್ಕೆ ಬೇಜಾರಿದೆ, ಸುಳ್ಳೇಕೆ ಹೇಳಲಿ. ಆದರೆ ಹಸಿರು ಒತ್ತಿದ್ದರೆ ಕನ್ನಡಿ ನೋಡಿಕೊಳ್ಳಲಾಗುತ್ತಿರಲಿಲ್ಲ.

ನಿನ್ನೆ ಹೆಡ್‌ಫೋನ್ ಫೋನ್ ಮಾಡಿದ್ದಳು. ಆ ನಂಬರಿಗೆ ಈಗ ಅವಳೂ ಕೆಂಪು ಒತ್ತುತ್ತಿದ್ದಾಳಂತೆ. ಸ್ಕೋರ್ 90ಕ್ಕೆ ಇಳಿದಿದೆಯಂತೆ. ಅವಳಿಗೇ ನಗು. ಶುಕ್ರವಾರ ಆಫೀಸಲ್ಲಿ ಆಗಿದ್ದನ್ನು ಫೋನ್ ಎತ್ತಿದ ಮಗಳಿಗೂ ಅವಳೇ ಹೇಳಿಬಿಟ್ಟಳು.

ಈಗ ಮಗಳು ಬಂದು ಪಕ್ಕದಲ್ಲಿ ಕೂತಿದ್ದಾಳೆ. ಫೋನನ್ನು ಈ ಪುಟದ ಮೇಲೇ ಇಟ್ಟಳು. ಬೋರಲಾಗಿ ಅಲ್ಲ.

"ಇದನ್ನೂ ಓದಮ್ಮ. ಜೋರಾಗಿ."

ಮೊದಲನೆಯದು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ—