ಕುಂಕುಮದ ಕೆಳಗಿನ ಬಿರುಕು

ಕರೇಗುಡ್ಡ,
ಅಕ್ಟೋಬರ್ 33, 2151

ಅಜ್ಜ ದ್ಯಾಮಣ್ಣನವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗಳು ನೀಲವ್ವ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮಲ್ಲಿ ಈಗ ಹಿಂದಿನ ಕಾಲಕ್ಕೂ ಅಂಚೆ ಹೋಗುತ್ತದೆ; ತಿಂಗಳು ಉದ್ದವಾಗಿವೆ, ಸಂಬಳ ಮಾತ್ರ ಇದ್ದಷ್ಟೇ ಇದೆ. ಮೂವತ್ತನಾಲ್ಕು ವರ್ಷದ ಗಂಡಸನ್ನು ಅಜ್ಜ ಎಂದು ಕರೆದದ್ದಕ್ಕೂ, ನಡುವೆ ಬರುವ ಗೊತ್ತಿಲ್ಲದ ಮಾತುಗಳಿಗೂ ಕ್ಷಮೆಯಿರಲಿ.

ನಾಳೆ ನೀವು ಹುಬ್ಬಳ್ಳಿಗೆ ಹೋಗಿ ಹನ್ನೊಂದು ವರ್ಷ ಹಳೆಯ ಬಿಳಿ ಪಿಕಪ್ ಕೊಳ್ಳಲಿದ್ದೀರಿ. ಅದೇ ಗಾಡಿಯನ್ನು ನಾನು ಇವತ್ತಿಗೂ ಓಡಿಸುತ್ತಿದ್ದೇನೆ. ಎಂಜಿನ್ ನಾಲ್ಕು ಸಲ ಬದಲಾಗಿದೆ, ಈಗಿನದು ಬಿಸಿಲಿನಿಂದ ಓಡುತ್ತದೆ. ಕ್ಯಾಬಿನ್ ಎರಡು ಸಲ ಹೊಸದಾಯಿತು. ನಿಮ್ಮ ಕಾಲದ್ದು ಅಂತ ಉಳಿದಿರುವುದು ಚಾಸಿಸ್ ಒಂದೇ. ಸರ್ಕಾರದ ಕಣ್ಣಿಗೆ ಚಾಸಿಸ್ ನಂಬರೇ ಗಾಡಿ; ಅದು ಹೋದರೆ ಕೈಯಿಂದ ಓಡಿಸುವ ಇನ್ನೊಂದು ಗಾಡಿಗೆ ಪರವಾನಗಿ ಸಿಗುವುದಿಲ್ಲ.

ನಮ್ಮಲ್ಲಿ ಎಲ್ಲರೂ ತಿರುಗುವುದು ತಾನ್ಗಾಡಿಯಲ್ಲಿ, ಅಂದರೆ ಚಾಲಕನಿಲ್ಲದೆ ತಾನೇ ಹೋಗುವ ಗಾಡಿ. ಬಹಳ ಮರ್ಯಾದಸ್ಥ ಜಾತಿ ಅದು. ಕರೇಗುಡ್ಡದ ಏರು ಬಂದ ಕೂಡಲೇ ನಿಂತು, ಈ ದಾರಿ ನನ್ನ ನಕ್ಷೆಯಲ್ಲಿಲ್ಲ ಎಂದು ಕ್ಷಮೆ ಕೇಳಿ ತಿರುಗಿ ಹೋಗುತ್ತದೆ. ನನ್ನ ಅವ್ವ ಗಿರಿಜವ್ವನಿಗೆ ಎಪ್ಪತ್ತಾರು, ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ ಮೂರು ಸಲ ಕೆಳಗಿನ ಆಸ್ಪತ್ರೆಯಲ್ಲಿ ರಕ್ತತೊಳೆತ ಆಗಬೇಕು. ನೀವು ಡಯಾಲಿಸಿಸ್ ಎನ್ನುವುದು ಅದನ್ನೇ. ಎರಡು ವರ್ಷದಿಂದ ನಿಮ್ಮ ಪಿಕಪ್ಪಿನ ಹಿಂದೆ ಹಾಸಿಗೆ ಹಾಸಿ ನಾನೇ ಇಳಿಸಿಕೊಂಡು ಹೋಗುತ್ತೇನೆ. ಗುಂಡಿ ಸಿಕ್ಕಾಗಲೆಲ್ಲ ಅವ್ವ ನಿಮ್ಮನ್ನು ಬೈಯುತ್ತಾಳೆ, ಪಾಪ, ಅದರಲ್ಲಿ ನಿಮ್ಮದೇನು ತಪ್ಪು.

ತಪ್ಪಿರುವುದು ಬೇರೆ ಕಡೆ. ಎಡಗಡೆಯ ಹಿಂದಿನ ಚಕ್ರದ ಒಳಗೆ, ಭಾರ ಹೊರುವ ಕಮಾನುಪಟ್ಟಿ ಕೂಡುವಲ್ಲಿ, ಚಾಸಿಸ್ ಮೇಲೆ ಎಣ್ಣೆ-ಕುಂಕುಮ ದಪ್ಪಗೆ ಮೆತ್ತಿರುತ್ತದೆ. ಮಾರುವವನು ಅದರ ಕೆಳಗೆ ಬಿರುಕು ಮುಚ್ಚಿದ್ದಾನೆ. ಯಾರದೋ ಪೂಜೆಯ ಗುರುತು ಎಂದು ನಂಬಿ ನೀವು ಮುಟ್ಟದೆ, ಕೈಮುಗಿದು ಗಾಡಿ ತರುತ್ತೀರಿ. ಆಯುಧಪೂಜೆಗೆ ಅದರ ಮೇಲೆ ನಿಮ್ಮದೂ ಒಂದಿಷ್ಟು ಹಚ್ಚುತ್ತೀರಿ. ನಿಮ್ಮ ಮಗ ಹಚ್ಚಿದ, ಅವನ ಮಗ ಹಚ್ಚಿದ, ಅವ್ವ ಹಚ್ಚಿದಳು, ನಾನೂ ಹಚ್ಚಿದೆ. ಗಾಡಿ ತೊಳೆಯುವಾಗ ಅಲ್ಲಿಗೆ ಕೈ ತಾಗಿಸಬಾರದು ಎಂಬ ಕಟ್ಟಳೆಯೂ ಮನೆಯಲ್ಲಿ ಬೆಳೆಯಿತು. ಒಬ್ಬರಾದರೂ ಕೆರೆದು ನೋಡಲಿಲ್ಲ, ನಮ್ಮ ಭಕ್ತಿಗೆ ಬೆಂಕಿ ಬೀಳಲಿ.

ನಿನ್ನೆ ಪೂಜೆಯ ಹೊತ್ತಿಗೆ ಆ ಕುಂಕುಮದ ಹಕ್ಕಳೆ ತಾನೇ ಕಳಚಿ ಬಿತ್ತು. ಕೆಳಗೆ ಬೆರಳು ತೂರುವಷ್ಟು ಬಿರುಕು. ವೆಲ್ಡಿಂಗ್ ಮಾಡುವ ರಾಜೇಸಾಬರನ್ನು ಕರೆಸಿದೆ. ಅವರು ಗಾಡಿಯ ಕೆಳಗೆ ಮಲಗಿ ಸುತ್ತಿಗೆಯಿಂದ ತಟ್ಟಿ ನೋಡಿದರು, ಉದುರಿದ್ದನ್ನು ಅಂಗೈಯಲ್ಲಿ ಹಿಡಿದು ಹೊರಗೆ ಬಂದರು.

“ಅಕ್ಕಾರ, ಬೆಸುಗಿ ಹಿಡೀಬೇಕಂದ್ರ ಕಬ್ಬಿಣ ಇರಬೇಕಲ್ರಿ. ಇಲ್ಲಿ ಬರೇ ತುಕ್ಕು ಐತಿ,” ಎಂದರು.

ಬಿರುಕು ಎಲ್ಲಕ್ಕಿಂತ ಕೆಳಗಿನ ಕುಂಕುಮಕ್ಕಿಂತಲೂ ಹಳೆಯದಂತೆ; ಹೊಸದಿದ್ದಾಗಲೇ ನೋಡಿದ್ದರೆ, ಒಂದು ತಗಡು ಕೂಡಿಸಿ ಅರ್ಧ ದಿನದಲ್ಲಿ ಮುಗಿಸಬಹುದಾಗಿದ್ದ ಕೆಲಸವಂತೆ.

ಆದ್ದರಿಂದ ನಾಳೆ ಅಂಗಿ ಕೊಳೆಯಾದರೂ ಚಿಂತೆಯಿಲ್ಲ, ಗಾಡಿಯ ಕೆಳಗೆ ಮಲಗಿ. ಕುಂಕುಮ ಕೆರೆಯಿರಿ, ದೇವರು ಸಿಟ್ಟಾಗುವುದಿಲ್ಲ. ಬಿರುಕು ಕಂಡರೆ ನೀವು ಈ ಗಾಡಿಯ ಸಹವಾಸವೇ ಬೇಡ ಎಂದು ಎದ್ದು ಬಂದೀರಿ, ಆಗ ಈ ಎರಡು ವರ್ಷ ಅವ್ವನನ್ನು ಉಳಿಸಿದ ಗಾಡಿಯೇ ಇಲ್ಲವಾದೀತು. ಈ ಹೆದರಿಕೆಗೆ, ಬರೆಯಲೋ ಬೇಡವೋ ಎಂದು ಬೆಳಿಗ್ಗೆಯಿಂದ ಕೂತಿದ್ದೆ. ಆದರೆ ಮುಚ್ಚಿಟ್ಟರೆ ಆ ಮಾರುವವನಿಗೂ ನನಗೂ ವ್ಯತ್ಯಾಸವೇನು?

ಬಿರುಕು ನೋಡಿ, ಅದಿದೆ ಎಂದು ತಿಳಿದೂ ಗಾಡಿ ಕೊಳ್ಳಿ ಅಜ್ಜ. ಮನೆಗೆ ತರುವ ಮೊದಲೇ ಬೆಸುಗೆ ಹಾಕಿಸಿ. ನಮ್ಮಲ್ಲಿ ನಾಳಿದ್ದು ಗುರುವಾರ, ಅವ್ವ ಗುಡ್ಡ ಇಳಿಯಬೇಕು.