ಮಾಯಮ್ಮನ ತಾಕು

ಕ್ಯಾತನಹಳ್ಳಿ
೧೬ ಸೆಪ್ಟೆಂಬರ್ ೨೦೨೫

ಚಿಕ್ಕಬೋರಮ್ಮ ದೊಡ್ಡವ್ವನಿಗೆ ರಂಜಿತಳ ನಮಸ್ಕಾರ.

ನಿಮ್ಮವ್ವ ಮಾಯಮ್ಮನ ಹೊಲವನ್ನು ನಮ್ಮ ತಾತ ಕಿತ್ತುಕೊಂಡಿದ್ದಾನೆ. ಒಡಹುಟ್ಟಿದ ತಮ್ಮನೇ ಅಕ್ಕನಿಗೆ ಮಾಡಿದ ಅನ್ಯಾಯ ಇದು. ಇಷ್ಟು ಬರೆಯುವುದಕ್ಕೆ ನನಗೆ ಒಂದು ವರ್ಷ ಬೇಕಾಯಿತು, ಕ್ಷಮಿಸು. ಮಂಡಿನೋವು ಹೇಗಿದೆ? ಗೋವಿಂದನಹಳ್ಳಿ ಕಡೆ ಮಳೆಯಾಯಿತೇ? ಇಲ್ಲಿ ನಾಲೆಗೆ ನೀರು ಬಂದಿದೆ.

ನಮ್ಮೂರಿನ ಹಳೇ ಮನೆ, ಹೊಲಗಳ ಚರಿತ್ರೆ ಬರೆಯುತ್ತಿದ್ದೇನಲ್ಲ, ಅದರ ಸಹವಾಸವೇ ಸಾಕಾಗಿದೆ. ಯಾರ ಮನೆಗೆ ಹೋದರೂ ಒಂದೇ ಕಥೆ: ಮುತ್ತಾತ ಕಾಡು ಕಡಿದ, ತಾತ ಬಾವಿ ತೋಡಿದ. ಹೆಂಗಸರೆಲ್ಲ ಆಗ ಎಲ್ಲಿದ್ದರೋ! ಮೊನ್ನೆ ನಮ್ಮ ಮನೆಯ ಪುಟ ಬರೆಯಲು ತಾತನ ಮುಂದೆ ಕುಳಿತೆ. ನಾಲೆ ಪಕ್ಕದ ಮೂವತ್ತು ಗುಂಟೆ ಹೊಲದ ತಾಕು ಎಲ್ಲಿಂದ ಬಂತು ಎಂದು ಕೇಳಿದೆ.

"ನಾನು ಬೆವರು ಸುರ್ಸಿ ತಕ್ಕಂಡಿದ್ದು ಕಣಮ್ಮಿ, ಬರ್ಕೊ."

"ಗಂಡ ಸತ್ತು, ಕೂಸ್ನ ಎತ್ಕಂಡು ತವ್ರಿಗೆ ಬಂದಾಗ ಮಾಯಜ್ಜಿಗೆ ಅವ್ರಪ್ಪ ಬಾಯಿಮಾತಲ್ಲಿ ಕೊಟ್ಟಿದ್ದಂತಲ್ಲ?"

"ಯಾವಳು ಏಳಿದ್ದು? ಅವ್ಳಿಗೆ ಒಂದು ಗೇಣೂ ಇರ್ನಿಲ್ಲ. ಓದಿ ಓದಿ ನಿನ್ ತಲೆ ಕೆಟ್ಟೋಗದೆ."

ಅಷ್ಟರಲ್ಲಿ ಅಣ್ಣ ಲೋಕೇಶ ಗುದ್ದಲಿ ಹೆಗಲಿಗಿಟ್ಟು ಹೊರಟ. ತಾತ ಕೂಗಿದ: "ಲೇ ಲೋಕೇಶ, ಮೊದ್ಲು ಮಾಯಮ್ಮನ್ ತಾಕಿಗೆ ನೀರು ಕಟ್ಲಾ!"

ಲೋಕೇಶ ನಕ್ಕೇಬಿಟ್ಟ. "ಯಾವ ಮಾಯಮ್ಮ, ತಾತ? ಅವ್ಳಿಗೆ ಗೇಣೂ ಇರ್ನಿಲ್ಲ ಅಂದ್ಯಲ್ಲ!"

ತಾತ ಎದ್ದು ಕೊಟ್ಟಿಗೆ ಕಡೆ ನಡೆದ. ಅಪ್ಪ ಮಾತ್ರ ಮೆಲ್ಲಗೆ, "ಅಳೇದ್ನೆಲ್ಲ ಕೆದಕಬ್ಯಾಡ ಬುಡವ್ವ, ಸತ್ತೋರೇನು ಕೇಳಕ್ ಬಂದಾರಾ?" ಅಂದ. ಪಹಣಿಯಲ್ಲಿ ತಾತನ ಹೆಸರಿದೆ, ಸರಿ. ಆದರೆ ನೀರು ಕಟ್ಟುವವರು, ಕಬ್ಬು ಕಡಿಯುವವರು, ಕೊನೆಗೆ ಕಿತ್ತುಕೊಂಡವನು ಕೂಡ ಐವತ್ತು ವರ್ಷದಿಂದ ನಿಮ್ಮವ್ವನ ಹೆಸರು ಹೇಳಿಕೊಂಡೇ ಆ ಹೊಲಕ್ಕೆ ಇಳಿಯುತ್ತಿದ್ದಾರೆ.

ನಮ್ಮ ಮನೆಯ ಪುಟದಲ್ಲಿ ಇದನ್ನೇ ಬರೆದಿದ್ದೇನೆ. ಅಚ್ಚಿಗೆ ಕೊಡುವ ಮೊದಲು ನೀನು ಕೇಳಬೇಕು. ನಿನ್ನ ಆಶೀರ್ವಾದ ಇನ್ನೂ ನನ್ನ ಮೇಲಿದ್ದರೆ ಇರಲಿ.

ನಿನ್ನ ಮಗಳು
ರಂಜಿತ

ಮರೆತ ಮಾತಲ್ಲ, ಬರೆಯಲು ಹೆದರಿದ ಮಾತು: ಹೋದ ವರ್ಷ ನೀನು ನಮ್ಮ ಬಾಗಿಲಲ್ಲಿ ನಿಂತು "ಅದು ನಮ್ಮವ್ವನ್ದು ಕಣವ್ವ" ಎಂದಾಗ "ದಾಖಲೆ ಐತಾ ದೊಡ್ಡವ್ವ?" ಎಂದು ಕೇಳಿದವಳು ನಾನೇ. ಭೂಮಿ, ನ್ಯಾಯ ಅಂತ ಕರಪತ್ರ ಹಂಚುತ್ತಿದ್ದವಳು. ನೀನು ನೀರೂ ಕುಡಿಯದೆ ಹೊರಟುಹೋದೆ. ಈ ಭಾನುವಾರ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ತನಕ ತಾತ ಮನೆಯಿಂದ ಕದಲುವುದಿಲ್ಲ. ಅವನೆದುರಿಗೇ ಆ ಪುಟ ಓದುತ್ತೇನೆ, ನೀನು ಪಕ್ಕದಲ್ಲಿರಬೇಕು. ಬೆಳಿಗ್ಗೆ ಹತ್ತು ಗಂಟೆಗೆ ನಮ್ಮೂರಿನ ಬಸ್ ನಿಲ್ದಾಣದಲ್ಲಿ ಕಾಯುತ್ತಿರುತ್ತೇನೆ.